ಇಳಕಲ್ ಸೀರೆಯ ಲಕ್ಷಣವಿಚಾರ

ಜಮಖಂಡಿಯಿಂದ ವಿಜಯಪುರಕ್ಕೆ ಹೋಗುವ ಮಾರ್ಗವು ಚಿಕ್ಕಪಡಸಲಗಿಯೆಂಬ ಗ್ರಾಮದ ಬಳಿ ಕೃಷ್ಣಾನದಿಯನ್ನು ದಾಟುತ್ತದೆ. 1989ರಲ್ಲಿ ಸುತ್ತಣ ರೈತರು ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು ಕಟ್ಟಿದ ಬ್ಯಾರೇಜು ಇಲ್ಲಿಯೇ ಇರುವುದು. ಶ್ರಮಬಿಂದುಸಾಗರವೆಂಬ ಅದರ ಹೆಸರನ್ನು ಕೇಳದವರು ಆ ಪ್ರಾಂತದಲ್ಲಿಲ್ಲ. ಈ ಹೊಳೆಯ ದಂಡೆಯಲ್ಲಿ ಒಗೆದು ಹರವಿದ ಬಟ್ಟೆಗಳನ್ನು ಎತ್ತರದ ದಾರಿಯಿಂದ ನೋಡುವವನಿಗೆ ಒಂದು ಸಂಗತಿಯು ಅನಾಯಾಸವಾಗಿ ಗೋಚರಿಸುವುದು. ಒಂದು ಸೀರೆಯ ಒಡಲು ಹಸುರು, ಮತ್ತೊಂದರದು ಕಪ್ಪು, ಇನ್ನೊಂದರದು ದಾಳಿಂಬೆಯ ಬಣ್ಣ. ಒಂದರಲ್ಲಿ ಚೌಕಳಿ, ಮತ್ತೊಂದರಲ್ಲಿ ಗೀರು, ಇನ್ನೊಂದು ಬರಿಯ ಬಯಲು. ಒಂದು ಹೊಸತು, ಒಂದು ಹತ್ತು ವರ್ಷ ಉಟ್ಟು ಸವೆದುದು. ಹೀಗಿದ್ದರೂ ಇವು ಇಳಕಲ್ ಸೀರೆಗಳೆಂಬ ಜ್ಞಾನವು ನೋಡುವವನಿಗೆ ವಿಚಾರ ಮಾಡುವುದಕ್ಕೆ ಮೊದಲೇ ಹುಟ್ಟುತ್ತದೆ. ಹೊಲದ ಕೆಲಸಕ್ಕೆ ಹೋಗುವ ಹೆಣ್ಣುಮಗಳನ್ನು ಬೆನ್ನ ಕಡೆಯಿಂದ ಕಂಡರೂ, ಅವಳಾರೆಂಬುದು ತಿಳಿಯುವ ಮೊದಲು ಅವಳುಟ್ಟ ಸೀರೆ ಯಾವುದೆಂಬುದು ತಿಳಿದಿರುತ್ತದೆ.

ಶಾಸ್ತ್ರದಲ್ಲಿ ಇಂಥ ಜ್ಞಾನಕ್ಕೆ ಪ್ರತ್ಯಭಿಜ್ಞೆಯೆಂದು ಹೆಸರು. ಆದರೆ ಇಲ್ಲಿ ಒಂದು ಭೇದವುಂಟು. ಹಿಂದೆ ಕಾಶಿಯಲ್ಲಿ ಕಂಡ ದೇವದತ್ತನನ್ನು ಇಂದು ತನ್ನೂರಲ್ಲಿ ಕಂಡವನು ‘ಅವನೇ ಇವನು’ ಎನ್ನುವಾಗ ವ್ಯಕ್ತಿಯೊಂದೇ. ಸೀರೆಯ ವಿಷಯದಲ್ಲಿ ಹಿಂದೆ ಕಂಡ ವ್ಯಕ್ತಿಯು ಬೇರೆ, ಇಂದು ಕಾಣುವ ವ್ಯಕ್ತಿಯು ಬೇರೆ. ಬಣ್ಣ ಬೇರೆ, ನೂಲು ಬೇರೆ, ನೇಯ್ದವನೂ ಬೇರೆ. ಆದುದರಿಂದ ಇಲ್ಲಿ ಗುರುತಿಸಲ್ಪಡುವುದು ವ್ಯಕ್ತಿಯಲ್ಲ, ಜಾತಿ. ಅದನ್ನು ಗುರುತಿಸಿಕೊಡುವುದು ಆಕೃತಿ. ಈಗಿನ ವರ್ತಕರು ಬ್ರ್ಯಾಂಡೆಂದು ಕರೆಯುವ ಪದಾರ್ಥದ ತಿರುಳು ಇದೇ ಆಗಿದೆ. ಹಲವು ಸರಕುಗಳ ಮೈಮೇಲೆ ಒಂದೇ ಚಹರೆಯನ್ನು ತರುವುದಕ್ಕೆ ದೊಡ್ಡ ಸಂಸ್ಥೆಗಳು ಅಪಾರ ದ್ರವ್ಯವನ್ನು ವ್ಯಯಿಸುತ್ತವೆ. ಇಳಕಲ್ಲಿನ ನೇಕಾರರು ಅಂಥ ವ್ಯಯವಿಲ್ಲದೆ ಅದನ್ನು ಸಾಧಿಸಿದರು. ಹೇಗೆ ಸಾಧಿಸಿದರು, ಸಾಧಿಸಿದ ಆ ಚಹರೆಯು ಈಗ ಯಾವ ಕಾರಣದಿಂದ ಅಪಾಯದಲ್ಲಿದೆ ಎಂಬಿವೆರಡೇ ಇಲ್ಲಿ ವಿಚಾರಣೀಯವಾದ ವಿಷಯಗಳು.

ಇಳಕಲ್ಲು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ಪಟ್ಟಣ. 1997ರಲ್ಲಿ ಈ ಜಿಲ್ಲೆಯು ಬೇರೆಯಾಗುವ ಮುನ್ನ ಅದು ಬಿಜಾಪುರ ಜಿಲ್ಲೆಯ ಹುನಗುಂದ ತಾಲೂಕಿನಲ್ಲಿದ್ದಿತು. 1948ರವರೆಗೆ ಜಮಖಂಡಿಯೂ ಮುಧೋಳವೂ ತಮ್ಮ ತಮ್ಮ ಅರಸರನ್ನುಳ್ಳ ಸಂಸ್ಥಾನಗಳಾಗಿದ್ದುವು; ಇಳಕಲ್ಲು ಬ್ರಿಟಿಷರ ಆಳಿಕೆಯಲ್ಲಿದ್ದಿತು. ಸೀಮೆಗೆ ಸೀಮೆಯ ಮುದ್ರೆ ಬೇರೆಯಾಗಿದ್ದ ಆ ಕಾಲದಲ್ಲಿಯೂ ಸೀರೆಗೆ ಗಡಿಯಿರಲಿಲ್ಲ. ಮಹಾರಾಷ್ಟ್ರದಲ್ಲಿ ಇದನ್ನು ‘ಇರಕಲ್’ ಎನ್ನುವರು. ಊರಿನ ಹೆಸರು ನಾಲಗೆಯ ಮೇಲೆ ಕೆಟ್ಟಿತು. ಸೀರೆಯ ರೂಪವು ಕಣ್ಣಿನಲ್ಲಿ ಕೆಡಲಿಲ್ಲ. ಹೆಸರಿಗಿಂತ ರೂಪವೇ ಬಲವತ್ತರವಾದ ಗುರುತೆಂಬುದಕ್ಕೆ ಇಷ್ಟೇ ಸಾಕಾದ ಪ್ರಮಾಣ.

ಸೀರೆಗೆ ಒಡಲು, ದಡಿ, ಸೆರಗು ಎಂದು ಮೂರು ಅಂಗಗಳು. ಇವುಗಳಲ್ಲಿ ಒಡಲು ಅತ್ಯಂತ ಸ್ವತಂತ್ರವಾದುದು. ನವಿಲು ಹಸುರು, ಗಿಳಿ ಹಸುರು, ದಾಳಿಂಬೆ, ಗಿರಿಕುಂಕುಮ ಮೊದಲಾದ ಬಣ್ಣಗಳು ಹಳೆಯವು. ಬೇರೆ ಬಣ್ಣಗಳಿಗೂ ಅಡ್ಡಿಯಿಲ್ಲ. ದಡಿಯು ಅರೆಸ್ವತಂತ್ರ. ಚಿಕ್ಕಿ, ಗೋಮಿ, ಗಾಡಿ ಎಂಬ ಭೇದಗಳು ಪ್ರಸಿದ್ಧವಾಗಿವೆ, ಗೋಮಿಗೆ ಇಳಕಲ್ ದಡಿಯೆಂದೇ ರೂಢಿಯಿದೆ, ಗಾಯತ್ರಿಯೆಂಬುದು ಇತ್ತೀಚಿನದು. ದಡಿಯ ಅಗಲವೂ ಒಂದೇ ಸಮನಲ್ಲ. ಸೆರಗು ಮಾತ್ರ ಸ್ವತಂತ್ರವಲ್ಲ. ಅದರಲ್ಲಿ ಅಚ್ಚಗೆಂಪಾದ ಮೂರು ಪಟ್ಟಿಗಳು; ಅವುಗಳ ನಡುವೆ ಬಿಳಿಯ ಚಿತ್ತಾರದ ಎರಡು ಪಟ್ಟಿಗಳು. ಕೆಂಪು, ಬಿಳಿ, ಕೆಂಪು, ಬಿಳಿ, ಕೆಂಪು ಎಂಬೀ ಕ್ರಮವು ಪರಂಪರೆಯ ಸೀರೆಯಲ್ಲಿ ತಪ್ಪುವುದಿಲ್ಲ. ಬಿಳಿಯ ಪಟ್ಟಿಯಲ್ಲಿ ಹಲ್ಲುಹಲ್ಲಾಗಿ ಎದ್ದು ಕಾಣುವ ಆಕಾರಗಳಿಗೆ ಹಣಿಗೆ, ಕೋಟೆಯ ತೆನೆ, ಜೋಳದ ತೆನೆ, ಬೆಟ್ಟದ ಸಾಲು ಎಂಬ ಸಾಮ್ಯಗಳನ್ನು ಜನರು ಹೇಳುವರು. ಇಂಥ ಸೆರಗಿನ ಉದ್ದವು 16ರಿಂದ 27 ಅಂಗುಲಗಳವರೆಗೆ ಇರುವುದುಂಟು.

ಇದಕ್ಕೆ ತೋಪತೆನೆ ಸೆರಗೆಂದು ಹೆಸರು. ಟೋಪತೆನಿ, ಟೋಪಿತೆನಿ ಎಂದೂ ನುಡಿಯುವರು. ಮೊದಲನೆಯ ಪದದ ಮೂಲವನ್ನು ಹಿಡಿದು ವಸ್ತುವಿನ ಮೂಲವನ್ನು ಹೇಳಲೆಳಸುವುದು ಪಂಡಿತರಿಗೆ ಸಹಜವಾದ ಚಾಪಲ್ಯ. ಇಲ್ಲಿ ಅದರಿಂದ ಪ್ರಯೋಜನವಿಲ್ಲ. ತೆನೆಯೆಂಬ ಎರಡನೆಯ ಪದವಂತೂ ಸ್ಪಷ್ಟವಾಗಿಯೇ ಇದೆ. ಜೋಳವನ್ನು ಬೆಳೆದು ಜೋಳವನ್ನೇ ಉಣ್ಣುವ ನಾಡಿನಲ್ಲಿ ಸೆರಗಿನ ಹಲ್ಲುಗಳು ತೆನೆಯಾಗಿ ಕಂಡುದು ಆಶ್ಚರ್ಯವಲ್ಲ; ಕೋಟೆಯ ಗೋಡೆಯ ಮೇಲಣ ಹಲ್ಲುಗಳಿಗೂ ಕನ್ನಡದಲ್ಲಿ ತೆನೆಯೆಂದೇ ಹೆಸರಿರುವುದರಿಂದ ಎರಡು ಅರ್ಥಗಳೂ ಒಂದೇ ಪದದಲ್ಲಿ ಹೊಂದಿಕೊಂಡಿವೆ. ಶ್ಲೇಷವನ್ನು ಕವಿಗಳೇ ಮಾಡಬೇಕೆಂಬ ನಿಯಮವಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ತಲೆತಲಾಂತರದಿಂದ ಒಂದೇ ಸೆರಗನ್ನು ನೇಯುತ್ತ ಬಂದುದು ಕಲ್ಪನೆಯ ಬಡತನವಲ್ಲವೆ? ಹೊಸತನ್ನು ಕಲ್ಪಿಸಲಾರದವನು ಹಳೆಯದನ್ನು ಸಂಪ್ರದಾಯವೆಂದು ಕರೆಯುವನು ಎಂದು ನಗರದ ವಿನ್ಯಾಸಕಾರರು ಆಕ್ಷೇಪಿಸಬಹುದು. ಈ ಆಕ್ಷೇಪವು ಛಂದಸ್ಸನ್ನರಿಯದವನು ಕಾವ್ಯದ ಮೇಲೆ ಮಾಡುವ ಆಕ್ಷೇಪದಂತೆಯೇ ಇದೆ. ಕುಮಾರವ್ಯಾಸನು ತನ್ನ ಭಾರತಕಥೆಯನ್ನು ಭಾಮಿನೀ ಷಟ್ಪದಿಯಲ್ಲಿಯೇ ಹೇಳಿದನು. ಆ ಪದ್ಯದ ಮೂರನೆಯ ಮತ್ತು ಆರನೆಯ ಪಾದಗಳು ನೀಳವಾಗಿ ಬಂದು ನಿಲ್ಲುವುದನ್ನು ಕೇಳಿದೊಡನೆಯೇ, ಅರ್ಥವು ತಿಳಿಯುವ ಮುನ್ನವೇ, ಕಿವಿಯು ಷಟ್ಪದಿಯನ್ನು ಗುರುತಿಸುತ್ತದೆ. ದ್ಯೂತವೂ ಅದೇ ಅಚ್ಚಿನಲ್ಲಿ, ಯುದ್ಧವೂ ಅದೇ ಅಚ್ಚಿನಲ್ಲಿ, ಕರ್ಣನ ಮರಣವೂ ಅದೇ ಅಚ್ಚಿನಲ್ಲಿ. ಅಚ್ಚು ಒಂದೆಂದು ಕಾವ್ಯವು ಬಡವಾಗಲಿಲ್ಲ. ಅಚ್ಚು ನಿಂತಿದ್ದುದರಿಂದಲೇ ಅದರೊಳಗೆ ಮಾತು ಓಡಾಡಲು ಸಾಧ್ಯವಾಯಿತು. ಸೀರೆಯ ಸೆರಗೂ ಷಟ್ಪದಿಯ ನೀಳ ಪಾದದಂತೆ. ಅದು ನಿಯತವಾಗಿರುವುದರಿಂದಲೇ ಒಡಲಿನಲ್ಲಿ ನೇಕಾರನೂ ಉಡುವವಳೂ ತಮ್ಮ ಇಚ್ಛೆಯನ್ನು ನಡೆಯಿಸಲು ಅವಕಾಶವಾಗಿದೆ.

ನಿಯತವಾದ ಗುರುತು ಸೆರಗಿನಲ್ಲಿಯೇ ಏಕೆ ನೆಲಸಿತು, ಒಡಲಿನಲ್ಲೇಕೆ ಅಲ್ಲ? ಇದಕ್ಕೆ ಉತ್ತರವು ಉಡುಗೆಯ ರೀತಿಯಲ್ಲಿದೆ. ಉತ್ತರ ಕರ್ನಾಟಕದ ಹೆಂಗಸರು ಸೆರಗನ್ನು ತಲೆಯ ಮೇಲೆ ಹೊದೆದುಕೊಳ್ಳುವರು. ಒಡಲಿನ ಬಹುಭಾಗವು ನೆರಿಗೆಗಳಲ್ಲಿ ಅಡಗಿಹೋಗುವುದು. ದಡಿಯು ಮಡಿಕೆಗಳೊಡನೆ ತಿರುಚಿಕೊಳ್ಳುವುದು. ತಲೆಯಿಂದ ಬೆನ್ನಿನ ಮೇಲೆ ಅಗಲವಾಗಿ, ಮುರಿಯದೆ, ಇತರರ ಕಣ್ಣಿಗೆ ಎದುರಾಗಿ ನಿಲ್ಲುವುದು ಸೆರಗೊಂದೇ. ಸೀರೆಯನ್ನು ಅಂಗಡಿಯಲ್ಲಿ ಹಾಸಿ ನೋಡುವವನಿಗೆ ಒಡಲು ಮುಖ್ಯವಾಗಿ ತೋರಬಹುದು. ಉಟ್ಟದ್ದನ್ನು ನೋಡುವವನಿಗೆ ಸೆರಗೇ ಮುಖ್ಯ. ಗುರುತನ್ನು ಇಡತಕ್ಕ ಸ್ಥಳವು ವಸ್ತುವನ್ನು ಮಾರುವಾಗ ಕಾಣುವ ಸ್ಥಳವಲ್ಲ, ಬಳಸುವಾಗ ಕಾಣುವ ಸ್ಥಳವೆಂಬ ತತ್ತ್ವವನ್ನು ಈ ನೇಕಾರರು ಯಾವ ಗ್ರಂಥದಿಂದಲೂ ಕಲಿತವರಲ್ಲ. ಇದೇ ಸೀರೆಯೊಡನೆ ತೊಡುವ ಗುಳೇದಗುಡ್ಡದ ಖಣವನ್ನು ಹೋಲಿಸಿ ನೋಡಿದರೆ ಭೇದವು ಇನ್ನೂ ಸ್ಪಷ್ಟವಾಗುತ್ತದೆ. ಕುಪ್ಪಸವಾಗಿ ಹೊಲಿದ ಮೇಲೆ ಖಣದ ಯಾವ ಭಾಗವು ಎಲ್ಲಿಗೆ ಹೋಗುವುದೆಂಬುದು ನೇಕಾರನ ವಶದಲ್ಲಿಲ್ಲ, ಚಿಪ್ಪಿಗನ ವಶದಲ್ಲಿದೆ. ಅದರಿಂದಲೇ ಖಣದ ಚಿತ್ತಾರವು ಒಂದೆಡೆಯಲ್ಲಿ ನಿಲ್ಲದೆ ಸಣ್ಣ ಸಣ್ಣ ಆಕಾರಗಳಾಗಿ ಮೈತುಂಬ ಹಬ್ಬಿರುವುದು; ಎಲ್ಲಿ ಕತ್ತರಿಸಿದರೂ ಗುರುತು ಉಳಿಯುತ್ತದೆ.

ಹೊರನಾಡುಗಳಲ್ಲಿ ಈ ಕಾರ್ಯವು ನಡೆದ ಬಗೆಯೇ ಬೇರೆ. ಬರ್ಲಿನ್ನಿನಲ್ಲಿ ವಿದ್ಯುತ್ತಿನ ಉಪಕರಣಗಳನ್ನು ತಯಾರಿಸುತ್ತಿದ್ದ ಎ.ಇ.ಜಿ. ಎಂಬ ಸಂಸ್ಥೆಯು 1907ರಲ್ಲಿ ಪೀಟರ್ ಬೆಹ್ರೆನ್ಸನೆಂಬ ಕಲಾವಿದನನ್ನು ತನ್ನ ಸಲಹೆಗಾರನನ್ನಾಗಿ ನೇಮಿಸಿಕೊಂಡಿತು. ದೀಪ, ಬೀಸಣಿಗೆ, ನೀರು ಕಾಯಿಸುವ ಕೆಟಲು, ಜಾಹೀರಾತು, ಅಕ್ಷರಗಳ ಅಚ್ಚು, ಕಡೆಗೆ 1909ರಲ್ಲಿ ಟರ್ಬೈನ್ ಕಾರ್ಖಾನೆಯ ಕಟ್ಟಡ, ಇವೆಲ್ಲವುಗಳಿಗೂ ಒಬ್ಬನ ಬುದ್ಧಿಯೇ ರೂಪ ಕೊಟ್ಟಿತು. ಕನ್ನಡ ನಾಡಿನಲ್ಲಿ ಇದಕ್ಕೆ ಸಮೀಪವಾದ ದೃಷ್ಟಾಂತವೆಂದರೆ ಮೈಸೂರು ಸರ್ಕಾರದ ಶ್ರೀಗಂಧದ ಸಾಬೂನು. 20ನೆಯ ಶತಮಾನದ ಎರಡನೆಯ ದಶಕದಲ್ಲಿ ಹುಟ್ಟಿದ ಈ ಉದ್ಯಮವು ಆನೆಯ ತಲೆ, ಸಿಂಹದ ಮೈಯುಳ್ಳ ಶರಭವನ್ನು ಲಾಂಛನವಾಗಿ ಧರಿಸಿತು. ಮೊಟ್ಟೆಯಾಕಾರದ ಬಿಲ್ಲೆಯೂ ಆ ಲಾಂಛನವೂ ಕೂಡಿ ಮನೆಮನೆಯಲ್ಲಿ ಪರಿಚಿತವಾದುವು. ಪುರಾಣದ ಮೃಗವನ್ನು ಅಂಗಡಿಗೆ ತಂದ ಆ ಕಲ್ಪನೆಯು ಪ್ರಶಂಸಾರ್ಹವೇ ಸರಿ.

ಆದರೆ ಗುರುತುಗಳಲ್ಲಿ ಎರಡು ಬಗೆಯುಂಟೆಂಬುದನ್ನು ಮರೆಯಬಾರದು. ದೇವದತ್ತನ ಮನೆ ಯಾವುದೆಂದು ಕೇಳಿದವನಿಗೆ ‘ಅಗೋ, ಕಾಗೆ ಕುಳಿತಿರುವ ಮನೆ’ ಎಂದು ತೋರಿಸುವ ಉದಾಹರಣೆಯು ಶಾಸ್ತ್ರಾಭ್ಯಾಸಿಗಳಿಗೆಲ್ಲ ಗೊತ್ತಿದೆ. ಕಾಗೆಯು ಹಾರಿಹೋದರೂ ಮನೆಯು ಮನೆಯಾಗಿಯೇ ಇರುವುದು. ಕಾಗೆಯು ಮನೆಯ ಅಂಗವಲ್ಲ, ಅದು ಉಪಲಕ್ಷಣ. ವಸ್ತುವಿನ ಸ್ವರೂಪದಲ್ಲಿಯೇ ಸೇರಿಕೊಂಡು ಅದನ್ನು ಬೇರೆಯವುಗಳಿಂದ ವಿಂಗಡಿಸುವುದು ವಿಶೇಷಣ. ಸಾಬೂನಿನ ಲಾಂಛನವು ಮೊದಲನೆಯ ಬಗೆಯದು. ಅದನ್ನು ತೆಗೆದರೂ ಸಾಬೂನು ಸಾಬೂನೇ, ಗಂಧವು ಗಂಧವೇ. ನಾಲ್ಕು ದಿನ ಮೈಗೆ ತಿಕ್ಕಿದರೆ ಬಿಲ್ಲೆಯ ಮೇಲೆ ಒತ್ತಿದ ಅಚ್ಚು ಯಾವುದಾದರೂ ತಾನಾಗಿಯೇ ಅಳಿಸಿಹೋಗುವುದು. ಬೆಹ್ರೆನ್ಸನು ವಸ್ತುಗಳ ಆಕಾರವನ್ನೇ ತಿದ್ದಿದುದರಿಂದ ಅವನ ಗುರುತು ಕಾಗೆಗಿಂತ ಸ್ವಲ್ಪ ಒಳಕ್ಕೆ ಇಳಿದಿತ್ತೆನ್ನಬೇಕು. ಇಳಕಲ್ ಸೆರಗಿನ ಗುರುತು ಇನ್ನೂ ಒಳಗೆ, ನೂಲಿನಲ್ಲಿಯೇ ಇದೆ. ಅದನ್ನು ತೆಗೆದರೆ ಸೀರೆಯೇ ಉಳಿಯುವುದಿಲ್ಲ.

ಈ ಮಾತು ಅಲಂಕಾರಕ್ಕಾಗಿ ಹೇಳಿದುದಲ್ಲ. ಮಗ್ಗದ ಕೆಲಸವನ್ನು ನೋಡಿದರೆ ಇದರ ಯಾಥಾರ್ಥ್ಯವು ಮನದಟ್ಟಾಗುವುದು. ಸಾಮಾನ್ಯವಾದ ಸೀರೆಯಲ್ಲಿ ಹಾಸಿನ ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಖಂಡವಾಗಿರುತ್ತವೆ. ಸೆರಗು ಬಂದಾಗ ನೇಕಾರನು ಹೊಕ್ಕಿನ ನೂಲಿನ ಬಣ್ಣವನ್ನು ಬದಲಿಸುವನು. ಹಾಗೆ ಮಾಡಿದರೆ ಹಸುರು ಹಾಸಿನ ಮೇಲೆ ಕೆಂಪು ಹೊಕ್ಕು ಬಿದ್ದು, ಹಸುರೂ ಅಲ್ಲದ ಕೆಂಪೂ ಅಲ್ಲದ ಮಿಶ್ರವರ್ಣವು ಹುಟ್ಟುವುದು. ಇಳಕಲ್ ಸೀರೆಯಲ್ಲಿ ಸೆರಗಿಗೆ ಹಾಸೇ ಬೇರೆ. ಒಡಲಿನ ಹಾಸು ಹತ್ತಿಯದಾಗಿದ್ದರೂ ಸೆರಗಿನ ಹಾಸು ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು, ಅದೂ ಕೆಂಪು ಬಣ್ಣದ್ದು. ಒಡಲಿನ ಹಾಸು ಮುಗಿಯುವ ಕಡೆ ಅದರ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿಕೊಂಡಿಯಾಗಿ ಸಿಕ್ಕಿಸಿ ಎರಡು ಹಾಸುಗಳನ್ನೂ ಒಂದು ಮಾಡುವರು. ಆಮೇಲೆ ಕೆಂಪು ಹಾಸಿನ ಮೇಲೆ ಕೆಂಪು ಹೊಕ್ಕು ಬೀಳುವುದರಿಂದ, ಒಡಲು ಯಾವ ಬಣ್ಣದ್ದಾದರೂ ಸೆರಗು ಕಲಬೆರಕೆಯಿಲ್ಲದ ಕೆಂಪಾಗಿಯೇ ಬರುವುದು. ದಡಿಗೂ ಒಡಲಿಗೂ ಬಣ್ಣದ ಬೆರಕೆಯಾಗದಿರಲೆಂದು ಒಂದು ಲಾಳಿಯ ಬದಲು ಮೂರು ಲಾಳಿಗಳನ್ನು ಓಡಿಸುವರು. ಎರಡು ದಡಿಗಳಿಗೆ ಎರಡು, ಒಡಲಿಗೆ ಒಂದು.

ಈ ಜೋಡಣೆಯ ಫಲವಾಗಿ ಇನ್ನೊಂದು ನಿರ್ಬಂಧವೂ ಒದಗುತ್ತದೆ. ಬೇರೆ ಬಟ್ಟೆಗಳಿಗೆ ಒಮ್ಮೆ ಹಾಸನ್ನು ಏರಿಸಿದರೆ ಅನೇಕ ಸೀರೆಗಳು ಒಂದರ ಹಿಂದೊಂದು ಇಳಿಯುವುವು. ಇಲ್ಲಿ ಹಾಸಿನ ಉದ್ದವು 6, 8 ಅಥವಾ 9 ಗಜ ಮಾತ್ರ. ಅಂದರೆ ಒಂದು ಸೀರೆಯ ಅಳತೆ. ಸೀರೆ ಮುಗಿದೊಡನೆ ಹಾಸೂ ಮುಗಿಯಿತು. ಮುಂದಿನ ಸೀರೆಗೆ ಹೊಸ ಹಾಸು, ಹೊಸ ಸೆರಗು, ಮತ್ತೆ ಎಳೆಗೆಳೆ ಕೊಂಡಿ. ಮನೆಯ ಹೆಂಗಸರೂ ಮುದುಕರೂ ಕೈಗೂಡಿಸುವ ಕೆಲಸಗಳಲ್ಲಿ ಇಂಥವು ಸೇರಿರುತ್ತವೆ. ದೂರದಿಂದ ಅರೆಕ್ಷಣದಲ್ಲಿ ಕಣ್ಣು ಗುರುತಿಸುವ ಆ ಕೆಂಪಿನ ಹಿಂದೆ ಇಷ್ಟು ಕೈಗಳ ತಾಳ್ಮೆಯಿದೆ. ಕೆಂಪಾದ ಸೆರಗು ಬೇಕೆಂದು ಜೋಡಣೆಯನ್ನು ಕಂಡುಹಿಡಿದರೋ, ದುಬಾರಿಯಾದ ರೇಷ್ಮೆಯನ್ನು ಸೆರಗಿನಷ್ಟಕ್ಕೇ ಮಿತಗೊಳಿಸಲು ಜೋಡಿಸತೊಡಗಿ ಆ ಮೇಲೆ ಅದನ್ನು ಚೆಲುವಾಗಿಸಿದರೋ, ಸೀರೆಯನ್ನು ನೋಡಿ ಎರಡನ್ನೂ ಊಹಿಸಬಹುದು. ಯಾವುದೇ ಆಗಲಿ, ಅಲಂಕಾರವು ರಚನೆಯ ಮೇಲೆ ಹೊದಿಸಿದ ಹೊದಿಕೆಯಲ್ಲ; ರಚನೆಯ ಬೆಸುಗೆಯು ಎಲ್ಲಿದೆಯೋ ಅಲ್ಲಿಯೇ ಅದು ಅರಳಿದೆ. ಇದೇ ಈ ವಿನ್ಯಾಸದ ಶ್ರೇಷ್ಠತೆ.

ಇನ್ನು ಲಕ್ಷಣವನ್ನು ಹೇಳಬೇಕಾಗಿದೆ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂದು ಮೂರು ದೋಷಗಳು. ಗೋವೆಂದರೆ ಕಪಿಲವರ್ಣದ ಪ್ರಾಣಿಯೆಂದರೆ ಬಿಳಿಯ ಹಸುವು ಹೊರಗುಳಿಯಿತು. ಕೊಂಬುಳ್ಳ ಪ್ರಾಣಿಯೆಂದರೆ ಎಮ್ಮೆಯೂ ಒಳಹೊಕ್ಕಿತು. ಒಂಟಿಗೊರಸಿನ ಪ್ರಾಣಿಯೆಂದರೆ ಯಾವ ಹಸುವೂ ಸಿಕ್ಕದು. ಕೊರಳ ಕೆಳಗಣ ಗಂಗೆದೊಗಲೇ ಸರಿಯಾದ ಗುರುತು. ಇಳಕಲ್ ಸೀರೆಗೆ ಗಂಗೆದೊಗಲು ಯಾವುದು?

ಇಳಕಲ್ಲಿನಲ್ಲಿ ನೇಯ್ದದ್ದೇ ಇಳಕಲ್ ಸೀರೆಯೆಂದರೆ, ಸುತ್ತಣ ಹಳ್ಳಿಗಳಲ್ಲಿ ಅದೇ ಕೊಂಡಿ ಹಾಕಿ ನೇಯುವ ನೇಕಾರರ ಸೀರೆಗಳಿಗೆ ಲಕ್ಷಣವು ಮುಟ್ಟದು. ಅದೇ ಪಟ್ಟಣದಲ್ಲಿ ವಿದ್ಯುತ್ ಮಗ್ಗದಿಂದ ಇಳಿದ ಬೇರೆ ಬಟ್ಟೆಗೂ ಮುಟ್ಟುವುದು. ಎರಡು ದೋಷಗಳೂ ಒಟ್ಟಿಗೆ ಬಂದುವು. ಗೋಮಿ ಮೊದಲಾದ ದಡಿಯುಳ್ಳದ್ದೆಂದರೆ ದಡಿಗಳು ಬದಲಾಗುತ್ತಲೇ ಇವೆ. ಗಾಯತ್ರಿ ದಡಿಯ ಸೀರೆಯನ್ನು ಇಳಕಲ್ಲಿನದಲ್ಲವೆನ್ನುವವರಾರು? ಕೆಂಪು ಬಿಳಿಯ ತೆನೆಸೆರಗುಳ್ಳದ್ದೆಂದರೆ ಹೆಚ್ಚಿನ ಜನರಿಗೆ ಸಮಾಧಾನವಾದೀತು. ಕಣ್ಣು ಗುರುತಿಸುವುದೂ ಅದನ್ನೇ. ಆದರೆ ಇಂದು ಈ ಲಕ್ಷಣದಲ್ಲಿಯೇ ದೊಡ್ಡ ಅತಿವ್ಯಾಪ್ತಿಯು ಸಂಭವಿಸಿದೆ. ವಿದ್ಯುತ್ ಮಗ್ಗದಲ್ಲಿ ಅಖಂಡವಾದ ಹಾಸಿನ ಮೇಲೆಯೇ ತೆನೆಯ ಚಿತ್ತಾರವನ್ನು ತೆಗೆಯಬಹುದು; ಅಷ್ಟೂ ಬೇಡವೆಂದರೆ ಬಟ್ಟೆಯ ಮೇಲೆ ಅಚ್ಚೊತ್ತಬಹುದು. ಆಕೃತಿಯು ಬಂದಿತು, ಕೊಂಡಿಯು ಬರಲಿಲ್ಲ. ಆದುದರಿಂದ ಬೇರೆ ಹಾಸಿನ ಸೆರಗನ್ನು ಕೊಂಡಿಯಿಂದ ಒಡಲಿಗೆ ಸೇರಿಸಿ, ಅದರಲ್ಲಿ ಕೆಂಪು ಬಿಳಿಯ ತೆನೆಗಳನ್ನು ತೆಗೆದುದೇ ಇಳಕಲ್ ಸೀರೆಯೆಂದು ಹೇಳಬೇಕಾಗುವುದು. ಆಕೃತಿಯು ಲಕ್ಷಣದ ಅರ್ಧ, ಜೋಡಣೆಯು ಇನ್ನರ್ಧ.

ರಾಜ್ಯಶಾಸನವೂ ಈ ದಿಕ್ಕಿನಲ್ಲಿ ಸ್ವಲ್ಪ ನಡೆದಿದೆ. 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯಿದೆಯ ಮೇರೆಗೆ ಇಳಕಲ್ ಸೀರೆಯೂ ಗುಳೇದಗುಡ್ಡದ ಖಣವೂ ನೋಂದಣಿಯಾಗಿವೆ. ಅದಕ್ಕೂ ಮೊದಲು 1985ರ ಕಾಯಿದೆಯೊಂದು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಾಗಿಟ್ಟಿತು; ಅದನ್ನು ವಿದ್ಯುತ್ ಮಗ್ಗದವರು ಪ್ರಶ್ನಿಸಿದಾಗ 1993ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಕಾಯಿದೆಯ ಪುಸ್ತಕದಲ್ಲಿ ಲಕ್ಷಣವು ಸುರಕ್ಷಿತವಾಗಿದೆ. ಸಂತೆಯಲ್ಲಿ ಅದನ್ನು ಓದುವವರಿಲ್ಲ. ಕೊಳ್ಳುವವಳು ಕಣ್ಣಿನಿಂದ ಕೊಳ್ಳುವಳು. ಕಣ್ಣಿಗೆ ಎರಡೂ ಒಂದೇ. ಆಗ ಕೊಂಡಿ ಹಾಕಿದವನು ಕೊಂಡಿ ಹಾಕದ್ದರ ಬೆಲೆಗೆ ತನ್ನ ಸೀರೆಯನ್ನು ಇಳಿಸಬೇಕಾಗುವುದು, ಇಲ್ಲವೆ ಮಗ್ಗವನ್ನು ನಿಲ್ಲಿಸಬೇಕಾಗುವುದು. ತನ್ನ ಪ್ರಸಿದ್ಧಿಯೇ ತನಗೆ ಶತ್ರುವಾದಂತಾಯಿತು. ಅಪ್ರಸಿದ್ಧವಾದ ವಸ್ತುವನ್ನು ಯಾರು ಅನುಕರಿಸುವರು?

ಇಲ್ಲಿ ರಬಕವಿ ಬನಹಟ್ಟಿಗಳ ಮಾತನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಜಮಖಂಡಿಯ ಪಕ್ಕದ ಈ ಅವಳಿ ಊರುಗಳು ನೇಕಾರರವೇ. ಇಂದು ಅಲ್ಲಿ ವಿದ್ಯುತ್ ಮಗ್ಗಗಳ ಸಪ್ಪಳವೇ ಹೆಚ್ಚು. ವಿದ್ಯುತ್ ಮಗ್ಗದ ಮುಂದೆ ಹಗಲಿರುಳು ನಿಲ್ಲುವವನೂ ನೇಕಾರನೇ, ಅವನ ಹೊಟ್ಟೆಯೂ ಹೊಟ್ಟೆಯೇ. ಅಗ್ಗವಾದ ಹತ್ತಿಯ ಸೀರೆಯನ್ನು ಬಡವರಿಗೆ ಒದಗಿಸುವುದು ಅಪರಾಧವಲ್ಲ. ದೋಷವಿರುವುದು ಮಗ್ಗದಲ್ಲಿ ಅಲ್ಲ, ಹೆಸರಿನಲ್ಲಿ. ಅದನ್ನು ಅಂಟಿಸುವವನು ಬಹುಮಟ್ಟಿಗೆ ನೇಯುವವನಲ್ಲ, ಮಾರುವವನು. ಆದರೆ ಒಂದು ಕೊರತೆಯನ್ನು ಹೇಳಲೇಬೇಕು. ಇಷ್ಟು ಮಗ್ಗಗಳು, ಇಷ್ಟು ಕೈಗಳು ಇದ್ದರೂ, ಕಂಡೊಡನೆಯೇ ‘ಇದು ಬನಹಟ್ಟಿಯದು’ ಎನ್ನಿಸುವ ಒಂದು ಸೆರಗು ನಾಡಿನಲ್ಲಿ ಪ್ರಸಿದ್ಧವಾಗಿಲ್ಲ. ತನ್ನದೇ ಆದ ಗುರುತಿಲ್ಲದ ಬಟ್ಟೆಗೆ ಪರರ ಗುರುತನ್ನು ಹಚ್ಚುವುದು ವರ್ತಕನಿಗೆ ಬಹಳ ಸುಲಭವಾಗುತ್ತದೆ. ಚಿಕ್ಕಪಡಸಲಗಿಯಲ್ಲಿ ಹೊಳೆಯನ್ನೇ ತಡೆದ ನಾಡಿಗೆ ಒಂದು ಸೆರಗನ್ನು ಕಲ್ಪಿಸಿಕೊಳ್ಳುವುದು ಅಸಾಧ್ಯವಾಗಲಾರದು.

ಸಾಹಿತ್ಯವನ್ನು ಕಲಿಸುವವರಿಗೆ ಈ ಸಮಸ್ಯೆಯು ಹೊಸತಲ್ಲ. ಚಿಕ್ಕಪಡಸಲಗಿಯ ಮುಂದೆ ಹರಿದ ನೀರೇ ಕೆಳಗೆ ಹೋಗಿ ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡುತ್ತದೆ. ಆ ಸಂಗಮದ ದೇವನ ಹೆಸರೇ ಬಸವಣ್ಣನವರ ವಚನಗಳ ಅಂಕಿತ. ಸ್ವತಃ ನೇಕಾರನಾಗಿದ್ದ ಜೇಡರ ದಾಸಿಮಯ್ಯನ ಅಂಕಿತ ರಾಮನಾಥ. ಅಂಕಿತವು ವಚನದ ಕೊನೆಗೆ ಬರುವುದು, ಸೆರಗು ಸೀರೆಯ ಕೊನೆಗೆ ಬರುವಂತೆ. ಇವೆರಡೂ ತುದಿಗೆ ಕಟ್ಟಿದ ಚೀಟಿಗಳಲ್ಲ. ಉತ್ತಮವಾದ ವಚನದಲ್ಲಿ ಅಂಕಿತವು ಸಂಬೋಧನೆಯಾಗಿಯೋ ಸಾಕ್ಷಿಯಾಗಿಯೋ ವಾಕ್ಯದ ಅನ್ವಯದಲ್ಲಿ ಸೇರಿಕೊಂಡಿರುತ್ತದೆ. ಅದುವರೆಗಿನ ಮಾತೆಲ್ಲವೂ ಅದರ ಕಡೆಗೇ ನಡೆದಿರುತ್ತದೆ. ಬೇರೆ ಯಾರದೋ ಗದ್ಯಕ್ಕೆ ಅಂಕಿತವನ್ನು ತಗುಲಿಸಿದರೆ ಅದು ಅಲ್ಲಿ ಜೋತಾಡುವುದೇ ಹೊರತು ಬೆಸೆದುಕೊಳ್ಳುವುದಿಲ್ಲ. ಹಸ್ತಪ್ರತಿಗಳಲ್ಲಿ ಅಂಕಿತಗಳು ಅದಲುಬದಲಾದ ವಚನಗಳನ್ನು ಶೋಧಿಸುವ ಸಂಪಾದಕನು ಅಂಕಿತವನ್ನು ಮಾತ್ರ ನಂಬದೆ, ಅದು ವಾಕ್ಯಕ್ಕೆ ಹೇಗೆ ಕೂಡಿದೆಯೆಂಬುದನ್ನು ಪರೀಕ್ಷಿಸುವನು. ಸೀರೆಯ ಪರೀಕ್ಷೆಯೂ ಹಾಗೆಯೇ ಆಗಬೇಕು: ತೆನೆಯನ್ನಲ್ಲ, ತೆನೆಯ ಬುಡವನ್ನು ನೋಡಬೇಕು. ಸೆರಗನ್ನು ಮಗುಚಿ, ಒಡಲು ಮುಗಿದು ಸೆರಗು ತೊಡಗುವ ಗೆರೆಯ ಮೇಲೆ ಬೆರಳನ್ನೆಳೆದರೆ ಎರಡು ಹಾಸುಗಳು ಕೂಡಿದ ಕೊಂಡಿಯ ಸಾಲು ಸಿಕ್ಕಬೇಕು. ಕೆಂಪಿನೊಳಗೆ ಒಡಲಿನ ಬಣ್ಣದ ಎಳೆಯು ಇಣುಕಬಾರದು. ಹಳ್ಳಿಯ ಮುದುಕಿಯರು ಅಂಗಡಿಯಲ್ಲಿ ಸೀರೆಯನ್ನು ತಿರುವಿ ನೋಡುವುದು ವ್ಯರ್ಥವಾದ ಅಭ್ಯಾಸವಲ್ಲ.

ಈಚಿನ ಕೆಲವು ಮಾರ್ಪಾಡುಗಳ ಗುಣದೋಷಗಳನ್ನೂ ಇಲ್ಲಿಯೇ ಹೇಳಬಹುದು. ದಡಿಯಲ್ಲಿ ಹೊಸ ಭೇದಗಳು ಬರುವುದರಿಂದ ಹಾನಿಯಿಲ್ಲ; ದಡಿಯು ಮೊದಲಿನಿಂದಲೂ ಚಂಚಲವೇ. ಒಡಲಿನ ಮೇಲೆ ಕಸೂತಿ ಹಾಕುವುದಂತೂ ಹಳೆಯ ಸಂಪ್ರದಾಯ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿಂದ ತೇರು, ಗೋಪುರ, ಆನೆ, ಪಲ್ಲಕ್ಕಿಗಳನ್ನು ಬಿಡಿಸುವ ಹೆಂಗಸರು ತೆನೆಯ ಪಟ್ಟಿಯನ್ನು ಕೆಡಿಸದೆ ಅದರ ನೆರೆಯಲ್ಲಿಯೇ ತಮ್ಮ ಚಿತ್ರಗಳನ್ನು ಕೂಡಿಸುವರು. ಮದುವೆಯ ಕಪ್ಪು ಚಂದ್ರಕಾಳಿಯ ಮೇಲೂ ಈ ಕಸೂತಿ ಬರುವುದು. ಕಸೂತಿಯು ಅತಿಥಿಯಂತೆ ವರ್ತಿಸುತ್ತದೆ. ಒಡಲಿಗೆ ಹೊಂದಿಕೆಯಾಗಲೆಂದು ಸೆರಗಿನ ಕೆಂಪನ್ನೇ ಮಾರ್ಪಡಿಸಿದರೆ ಮಾತ್ರ ಗುರುತಿನ ಮೂಲಕ್ಕೇ ಕೊಡಲಿ ಬಿದ್ದಂತೆ. ಹೊಂದಿಕೆಯಿಲ್ಲದಿರುವುದೇ ಆ ಕೆಂಪಿನ ಗುಣ. ಹಸುರಿನ ಪಕ್ಕದಲ್ಲಿ ಸಂಧಿಮಾಡಿಕೊಳ್ಳದೆ ನಿಲ್ಲುವುದರಿಂದಲೇ ಅದು ಹೊಳೆಯ ಆಚೆಯ ದಂಡೆಯಿಂದ ಕಾಣುತ್ತದೆ. ತೆನೆಯ ಪಟ್ಟಿಯನ್ನು ಕತ್ತರಿಸಿ ಕೈಚೀಲಗಳಿಗೂ ಅಂಗಿಯ ತೋಳುಗಳಿಗೂ ಪುಸ್ತಕದ ರಟ್ಟುಗಳಿಗೂ ಹಚ್ಚುವ ರೂಢಿಯೂ ಈಗ ಕಂಡುಬರುತ್ತಿದೆ. ನೇಕಾರನಿಗೆ ನಾಲ್ಕು ಕಾಸು ಬರುವುದಾದರೆ ಅದನ್ನು ತೆಗೆದುಹಾಕುವಂತಿಲ್ಲ. ಆದರೆ ಆ ಚೀಲದ ಮೇಲೆ ತೆನೆಯು ವಿಶೇಷಣವಾಗಿ ಉಳಿದಿಲ್ಲ, ಮನೆಯ ಮೇಲಣ ಕಾಗೆಯಾಗಿದೆ; ಚೀಲಕ್ಕೆ ಎರಡು ಹಾಸುಗಳಿಲ್ಲ, ಕೂಡಿಸತಕ್ಕ ಸಂಧಿಯೂ ಇಲ್ಲ.

ಸೆರಗೇ ಮುಖ್ಯವಾದ ಗುರುತೆಂಬುದರಲ್ಲಿ ಇನ್ನೂ ಸಂಶಯವುಳ್ಳವರು ಜಮಖಂಡಿಯ ಕಡೆಯ ಯಾವ ಮನೆಯಲ್ಲಾದರೂ ಕೌದಿಯನ್ನು ನೋಡಬಹುದು. ಸೀರೆಯು ಉಡಲಾರದಷ್ಟು ಸವೆದ ಮೇಲೆ ಅದನ್ನು ಹರಿದು, ತುಂಡುಗಳನ್ನು ಪದರುಪದರಾಗಿ ಕೂಡಿಸಿ ದಾರದಿಂದ ಪೋಣಿಸುವರು. ಒಡಲಿನ ತುಂಡು ಅಲ್ಲಿ ಬರಿಯ ಬಣ್ಣದ ಬಟ್ಟೆಯಾಗಿಬಿಡುವುದು. ಅದು ಎಲ್ಲಿಯದೆಂದು ಹೇಳಲಾಗದು. ದಡಿಯ ತುಂಡು ಯಾವುದೋ ಸೀರೆಯ ದಡಿಯಾಗಿ ಕಾಣುವುದು. ಗೇಣುದ್ದದ ಸೆರಗಿನ ತುಂಡು ಸಿಕ್ಕರೆ ಮಾತ್ರ, ಕೆಂಪು ಮಾಸಿ ಬಿಳಿಯು ಹಳದಿಯಾಗಿದ್ದರೂ, ಮನೆಯವರು ಅದರ ಮೇಲೆ ಬೆರಳಿಟ್ಟು ಇದು ಇಂಥವರ ಮದುವೆಯ ಇಳಕಲ್ ಸೀರೆಯೆಂದು ಹೇಳುವರು.